ಫಿರಂಗೆವ್ವನ ಪಂಚಮಿ

ಕೆಲವರಿಗೆ ಎಲೆ-ಅಡಿಕೆಯ ಚಟ, ಕೆಲವರಿಗೆ ಕುಸ್ತಿ ನೋಡುವ ಚಟ. ಜಮಖಂಡಿಯ ಶಿವಯೋಗೆಪ್ಪ ಮಾಸ್ತರರಿಗೆ ಶಬ್ದಗಳ ಚಟ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅವರ ಕಿವಿ ಮಾರುವವಳ ಬಾಯಿಯ ಕಡೆಗೇ ಇರುತ್ತಿತ್ತು. ಆಕೆ ತಾವು ಕೇಳದ ಮಾತೊಂದನ್ನು ಆಡಿದಳೋ, ಚೀಲವನ್ನು ಅಲ್ಲೇ ಇಟ್ಟು, ಅದೇನಂದೆ ತಾಯಿ, ಇನ್ನೊಮ್ಮೆ ಅನ್ನು ಎಂದು ಕುಕ್ಕರಗಾಲಿನಲ್ಲಿ ಕೂತುಬಿಡುವರು. ಮನೆಗೆ ಬಂದ ಬದನೆಕಾಯಿ ಹುಳುಕಾಗಿದ್ದರೆ ಹೆಂಡತಿ ಸಾವಿತ್ರೆವ್ವ ಸಿಟ್ಟಾಗುತ್ತಿರಲಿಲ್ಲ. ಇವತ್ತು ಇವರಿಗೆ ಹೊಸ ಶಬ್ದ ಸಿಕ್ಕಿದೆ ಎಂದು ತಿಳಿದು, ಹುಳುಕು ತೆಗೆದು ಪಲ್ಯ ಮಾಡುವಳು.

ಅದು ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ಕಚೇರಿಯ ಕಾಗದಗಳು ಮರಾಠಿಯಲ್ಲಿ ನಡೆಯುತ್ತಿದ್ದವು. ಕನ್ನಡ ಹೊಲದಲ್ಲಿ, ಮಗ್ಗದ ಮುಂದೆ, ಒಲೆಯ ಮುಂದೆ ನಡೆಯುತ್ತಿತ್ತು. ಸಣ್ಣ ಮಕ್ಕಳಿಗೆ ಅಆಇಈ ತಿದ್ದಿಸುತ್ತಲೇ ತಲೆ ನೆರೆದ ಮಾಸ್ತರರು ತಮ್ಮ ಊರಿನಲ್ಲಿ ಸರಕಾರದ ಕಲ್ಲೊಂದರ ಮೇಲೆ ಕನ್ನಡದ ಸಾಲು ಕೆತ್ತಿದ್ದನ್ನು ಕಂಡವರಲ್ಲ. ಹೀಗಿರುವಾಗ ಒಂದು ದಿನ ಸಂಸ್ಥಾನದ ಆಡಳಿತ ನೋಡುವ ಕಾರಭಾರಿ ಸಾಹೇಬರಿಂದ ಕರೆ ಬಂತು. ಹೊಸದೊಂದು ವಾಚನಾಲಯ ಕಟ್ಟಿ ಮುಗಿಯುತ್ತ ಬಂದಿತ್ತು. ಅದರ ಅಂಗಳದಲ್ಲಿ ಗದ್ದಿಗೆ ಕಟ್ಟಿ ದಂಡಿನ ಕಾಲದ ಒಂದು ಹಳೆಯ ತೋಪು ಇಡಬೇಕು, ಅದರ ಪಕ್ಕದಲ್ಲಿ ಇಂಗ್ಲಿಷು, ಮರಾಠಿ, ಕನ್ನಡ ಮೂರರಲ್ಲೂ ಬರೆದ ಕಲ್ಲು ನಿಲ್ಲಿಸಬೇಕು ಎಂಬುದು ಅವರ ಆಸೆ. ತೋಪು ಎಲ್ಲಿಯದು ಎಂದರೆ ತುಬಚಿಯದು. ಹೊಳೆಯ ಆಚೆ ದಂಡೆಯ ಆ ಊರಿನಲ್ಲಿ ಹಿಂದಿನವರು ಕಾವಲಿಗೆಂದು ಕಟ್ಟಿದ ಕೋಟೆಯ ಬುರುಜಿನಂಥ ದುಂಡನೆಯ ಹುಡೇವು ಇತ್ತು. ಅದರ ನೆತ್ತಿಯ ಮೇಲೆ ಒಂದು ಸಣ್ಣ ತೋಪು ಎಷ್ಟೋ ಕಾಲದಿಂದ ಬಿಸಿಲು ಕಾಯುತ್ತ ಬಿದ್ದಿತ್ತು.

ಕಾರಭಾರಿಯವರು ಮಾಸ್ತರರನ್ನು ಕೂಡಿಸಿ, "ಬರೇ ತೋಪು ಅಂತ ಬರದು ಮುಗಸಬ್ಯಾಡ್ರಿ. ಓದಾಕ ಬಂದ ಮಂದಿಗೆ ಹೊರಗ ನಿಂತಾಗೂ ಒಂದೀಟು ಓದಾಕ ಸಿಗಲಿ" ಎಂದರು.

ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂದು ಮಾಸ್ತರರು ಕೇಳಿದರು. ಫಿರಂಗಿ ಅನ್ನುತ್ತಾರೆ ಎಂದಿತು ಕಚೇರಿ.

ಅಷ್ಟು ಸಾಕಾಯಿತು. ಮರುದಿನದಿಂದ ಮಾಸ್ತರರು ಆ ಒಂದು ಶಬ್ದದ ಬೆನ್ನು ಹತ್ತಿದರು. ಶಾಲೆಗೆ ಸೂಟಿ ಬಿದ್ದಾಗ ಒಮ್ಮೆ ಬಿಜಾಪುರಕ್ಕೆ ಹೋಗಿ ಫಾರಸಿ ಕಲಿಸುವ ಮೌಲವಿಯೊಬ್ಬರನ್ನು ಕಂಡರು. ಆ ಮೌಲವಿ ಶಬ್ದದ ಬೇರನ್ನು ಬಲು ದೂರ ತೋರಿಸಿದರು. ಪಡುವಣ ಸಮುದ್ರಗಳ ಆಚೆ ಫ್ರಾಂಕರೆಂಬ ಜನ ಇದ್ದರಂತೆ, ಈಗಿನ ಫ್ರಾನ್ಸ್ ದೇಶಕ್ಕೆ ಅವರದೇ ಹೆಸರಂತೆ. ಅವರ ಕಡೆಯವರು ಶಿಲುಬೆ ಹೊತ್ತು ದಂಡೆತ್ತಿ ಬಂದಾಗ ಅರಬರು ಎಲ್ಲ ಬಿಳಿಯರನ್ನೂ ಒಂದೇ ಹೆಸರಿನಲ್ಲಿ ಸೇರಿಸಿ ಫಿರಂಜರು ಎಂದರು. ಇರಾನಿನ ಬಾಯಿಯಲ್ಲಿ ಅದು ಫರಂಗಿ ಆಯಿತು. ತುರ್ಕರ ದಂಡಿನಲ್ಲಿ ಸಣ್ಣದೊಂದು ತೋಪಿಗೇ ಪ್ರಂಗಿ ಎಂಬ ಹೆಸರು ಅಂಟಿತು. ಮುಂದೆ ಗೋವೆಯ ಕಡಲಿಗೆ ಪೋರ್ತುಗೀಜರ ಹಡಗು ಬಂದಾಗ, ಬಂದವನೂ ಫಿರಂಗಿ, ಅವನ ಕೈಯ ತೋಪೂ ಫಿರಂಗಿ.

ಮುಧೋಳದಲ್ಲಿ ಹಳೆಯ ಸರದಾರರ ಮನೆಯೊಂದರಲ್ಲಿ ಫಿರಂಗಿ ಎಂದರೆ ತೋಪಲ್ಲ, ಕತ್ತಿ. ಆ ಮನೆಯ ಹಿರಿಯರು ಅದನ್ನು ಒರೆಯಿಂದ ತೆಗೆದು ತೋರಿಸಿದರು. ಉದ್ದಕ್ಕೆ ನೆಟ್ಟಗೆ ಇದ್ದ ಅಲಗು ಸಮುದ್ರ ದಾಟಿ ಬಂದದ್ದು, ಹಿಡಿಕೆ ಮಾತ್ರ ನಮ್ಮ ಕಡೆಯ ಕಮ್ಮಾರರದು. ತೇರದಾಳದ ವೈದ್ಯ ಆದಪ್ಪನವರಲ್ಲಿ ಅದು ಒಂದು ಬೇನೆ. ಪರದೇಶದ ನಾವಿಕರು ತಂದದ್ದು ಎಂದು ಆ ಹೆಸರು, ಸಭ್ಯರು ಬಿಡಿಸಿ ಹೇಳುವಂಥದ್ದಲ್ಲ. ಚಮತ್ಕಾರವೆಂದರೆ ಆ ಬೇನೆಗೆ ಕೊಡುವ ಚೀನಾ ದೇಶದ ಬೇರಿಗೂ ಪರಂಗಿ ಚಕ್ಕೆ ಎಂದೇ ಹೆಸರು. ಆದಪ್ಪನವರು ಅದನ್ನು ತೋರಿಸಿ, "ನೋಡ್ರಿ ಮಾಸ್ತರ, ಕಡದ ಹಾವಿಗೂ ಅದs ಹೆಸರು, ಇಳಸೋ ಮಂತ್ರಕ್ಕೂ ಅದs ಹೆಸರು" ಎಂದು ನಕ್ಕರು. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಮುಳ್ಳುಗಿಡವನ್ನು ಮರಾಠಿ ಮಂದಿ ಫಿರಂಗಿ ಧೋತ್ರಾ ಎನ್ನುವರು. ಮೈಸೂರಿನ ಕಡೆಯಿಂದ ಬಂದ ಒಬ್ಬ ಇನ್‌ಸ್ಪೆಕ್ಟರರು ತಮ್ಮಲ್ಲಿ ಪರಂಗಿ ಎಂದರೆ ಊಟವಾದ ಮೇಲೆ ತಿನ್ನುವ ಹಣ್ಣು ಎಂದರು. ಒಂದೇ ಶಬ್ದ ಎಷ್ಟು ಊರಿನ ನೀರು ಕುಡಿದಿದೆ, ಎಷ್ಟು ಅಂಗಿ ತೊಟ್ಟಿದೆ! ಮಾಸ್ತರರು ರೊಟ್ಟಿ ಮುರಿಯುತ್ತ ಮುರಿಯುತ್ತ ತಾವೇ ನಗುವರು. ಸಾವಿತ್ರೆವ್ವ ಇನ್ನೊಂದು ರೊಟ್ಟಿ ಹಾಕುವಳು.

ಯುಗಾದಿ ಕಳೆದು ಹೊಳೆಯ ನೀರು ಮೊಣಕಾಲಿಗೆ ಇಳಿದಾಗ ಮಾಸ್ತರರು ಸಂಸ್ಥಾನದ ಗಾಡಿ ತೆಗೆದುಕೊಂಡು ತೋಪು ತರಲು ತಾವೇ ತುಬಚಿಗೆ ಹೋದರು.

ಹುಡೇವಿನ ಮೆಟ್ಟಿಲು ಹತ್ತಿ ನೋಡಿದರೆ ತೋಪು ಅರಿಷಿಣ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು, ಕೊರಳಿಗೆ ಕರಿಮಣಿಯ ಸರ ಹಾಕಿಕೊಂಡು ಮಲಗಿತ್ತು. ಮಾಸ್ತರರು ಅದರ ಹಿಂಬದಿಗೆ ಕೈ ಆಡಿಸಿ ಬೆರಗಾದರು. ಆಮೇಲೆ ಬಂದ ತೋಪುಗಳಿಗೆ ಮದ್ದು ತುಂಬುತ್ತಿದ್ದದ್ದು ಬಾಯಿಯಿಂದ. ಇದಕ್ಕೆ ಹಿಂದೆ ತೊಟ್ಟಿಲಿನಂಥ ತೆರೆದ ಹಳ್ಳ ಇತ್ತು, ಮದ್ದು ತುಂಬಿದ ಬೇರೆಯೊಂದು ಕೊಳವೆಯನ್ನು ಅದರಲ್ಲಿ ಕೂಡಿಸಿ ಹಾರಿಸುತ್ತಿದ್ದರು. ಅತಿ ಹಳೆಯ ಫಿರಂಗಿಗಳು ಹೀಗೇ ಇದ್ದವು ಎಂದು ಅವರು ಓದಿದ್ದರು. ಶಬ್ದ ಹುಟ್ಟಿದ ಕಾಲದ ವಸ್ತುವೇ ಕಣ್ಣ ಮುಂದೆ ಬಿದ್ದಿತ್ತು.

ಊರಿನ ಹಿರಿಯಳು ಹಣಮವ್ವ. ಎತ್ತರದ ಆಳು, ಬಾಯಿ ಅದಕ್ಕಿಂತ ಎತ್ತರ. ಆಕೆ ಅದರ ಕಥೆ ಹೇಳಿದಳು. ಯಾವುದೋ ಕಾಲದಲ್ಲಿ ಯಾರದೋ ದಂಡು ಈ ದಾರಿಯಲ್ಲಿ ಹೋಗುವಾಗ ಎರೆಮಣ್ಣಿನಲ್ಲಿ ಗಾಡಿ ಹುಗಿದು, ಇದನ್ನು ಇಲ್ಲೇ ಬಿಟ್ಟು ಹೋದರಂತೆ. ಅದರ ಮದ್ದಿನ ಕೊಳವೆ ದಂಡಿನ ಜೊತೆ ಹೋಯಿತು. ಹೀಗಾಗಿ ಈ ಊರಿಗೆ ಬಂದ ಮೇಲೆ ಅದು ಒಂದು ಸಲವೂ ಸಿಡಿದಿಲ್ಲ. ಮಳೆಯಲ್ಲಿ ನೆನೆಯುತ್ತ ಬಿದ್ದದ್ದನ್ನು ನೋಡಲಾರದೆ ಆಗಿನ ಹೆಂಗಸರು ಗಂಡಸರ ಬೆನ್ನು ಹತ್ತಿ ಹುಡೇವಿಗೆ ಏರಿಸಿದರು. ಹೆಣ್ಣುಮಕ್ಕಳಿಗೆ ತಾರವ್ವ, ಶಿವವ್ವ ಎಂದು ಹೆಸರಿಡುವ ಬಾಯಿ ಇದನ್ನೂ ಫಿರಂಗೆವ್ವ ಎಂದು ಕರೆಯಿತು. ಗಂಡನ ಮನೆಗೆ ಹೊರಡುವ ಹುಡುಗಿಯರು ಇದಕ್ಕೆ ಅರಿಷಿಣ ಹಚ್ಚಿ ಹೋಗುವರು. ಪಂಚಮಿಗೆ ತವರಿಗೆ ಬಂದವರು ಇದರ ಮುಂದೆಯೇ ಜೋಕಾಲಿ ಕಟ್ಟುವರು.

ಒಯ್ಯುವುದಕ್ಕೆ ಊರವರು ಒಲ್ಲೆ ಎನ್ನಬಹುದು ಎಂದು ಮಾಸ್ತರರು ಅಂಜಿದ್ದರು. ಹಣಮವ್ವ ಮಾತ್ರ, ಹೆಣ್ಣಾಗಿ ಹುಟ್ಟಿದ ಮೇಲೆ ಒಂದು ದಿನ ಕಳಿಸಲೇಬೇಕಲ್ಲ, ಇಷ್ಟು ದಿನ ಮನೆಯಲ್ಲಿ ಇಟ್ಟುಕೊಂಡದ್ದೇ ಹೆಚ್ಚು ಎಂದಳು. ತೋಪನ್ನು ಗಾಡಿಗೆ ಇಳಿಸಿದ ಮೇಲೆ ಹೆಂಗಸರು ಸುತ್ತ ನೆರೆದರು. ಅದರ ಬೆನ್ನಿನ ಆ ತೆರೆದ ಹಳ್ಳದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಒಂದು ಕುಬಸದ ಖಣ ಇಟ್ಟು ಉಡಿ ತುಂಬಿದರು. ಕೆಲವರು ಕಣ್ಣು ಒರೆಸಿಕೊಂಡರು. ಮಾಸ್ತರರ ಗಮನ ಅತ್ತ ಇರಲಿಲ್ಲ. ತೋಪನ್ನು ಹೊತ್ತು ಎಡಬಲಕ್ಕೆ ತಿರುಗಿಸುವ ಕವಲುಗೋಲಿಗೆ ಇಲ್ಲಿ ಏನನ್ನುತ್ತಾರೆ ಎಂದು ಅವರು ಗಾಡಿಯ ಆಚೆ ಬದಿಯಲ್ಲಿ ನಿಂತ ಮುದುಕನನ್ನು ಕೇಳುತ್ತಿದ್ದರು. ಹಣಮವ್ವ ಅವರ ಹೆಗಲ ಮೇಲಿನ ವಲ್ಲಿಯ ಸೆರಗು ಹಿಡಿದು ಎಳೆದು, ಉಡಿಯ ಅಕ್ಕಿಯಲ್ಲಿ ಒಂದು ಪಾಲನ್ನೂ ಕೊಬ್ಬರಿಯನ್ನೂ ಅದರಲ್ಲಿ ಹಾಕಿದಳು.

"ಮಾಸ್ತರ, ತಾಯಿ-ತಂದಿ ಇಲ್ಲದಾಕಿ. ಊರs ಸಾಕೇತಿ. ನಿಮ್ಮ ಉಡ್ಯಾಗ ಹಾಕೇವಿ."

"ಆತಬೇ ಯವ್ವಾ, ಆತು," ಎಂದರು ಮಾಸ್ತರರು, ಕಣ್ಣು ಕವಲುಗೋಲಿನ ಮೇಲೆ.

"ಪಂಚಮಿಗೆ ಕಳಸ್ತೀರಲ್ಲ?"

"ಕಳಸ್ತೇವಿ, ಕಳಸ್ತೇವಿ."

ಗಾಡಿ ಹೊರಟಿತು. ವಲ್ಲಿಯನ್ನು ಗಂಟು ಕಟ್ಟಿ ಮಾಸ್ತರರು ಪಕ್ಕಕ್ಕೆ ಇಟ್ಟುಕೊಂಡರು. ಬೆಲ್ಲದ ತುಣುಕಿನಂತೆ ಫಿರಂಗೆವ್ವ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಯಲ್ಲಿ ಹೊರಳಿಸುತ್ತ ಬಂದರು.

ತೋಪು ವಾಚನಾಲಯದ ಅಂಗಳ ಸೇರಿತು, ಗಂಟು ಮನೆ ಸೇರಿತು. ಸಾವಿತ್ರೆವ್ವ ಬಿಚ್ಚಿ ನೋಡಿ, "ಯಾರ ಉಡಿ ಇದು?" ಎಂದಳು.

"ತೋಪಿಂದು."

"ತೋಪಿನ ಉಡಿ ನಿಮ್ಮ ವಲ್ಲ್ಯಾಗ ಹೆಂಗ ಬಂತು?"

ಮಾಸ್ತರರು ನಡೆದದ್ದನ್ನು ನಡೆದಂತೆ ಹೇಳಿದರು. ಸಾವಿತ್ರೆವ್ವ ಮೊರವನ್ನು ಕೆಳಗಿಟ್ಟು ಗೋಡೆಗೆ ಆತು ಕೂತಳು.

"ಅಲ್ರೀ, ಉಡ್ಯಾಗ ಹಾಕಿಸ್ಕೊಂಡು ಬಂದೀರಿ ಅಂದ್ರ ನೀವು ಮಾವ ಆದ್ರಿ, ನಾ ಅತ್ತಿ ಆದ್ನಿ. ನನಗೊಂದು ಮಾತರೆ ಕೇಳಬಾರದ? ಹೋಗಲಿ, ಸೊಸಿ ಹೆಂಗದಾಳ?"

"ಕಬ್ಬಿಣದಾಕಿ," ಎಂದರು ಮಾಸ್ತರರು ಸಣ್ಣ ದನಿಯಲ್ಲಿ.

"ಗಟ್ಟಿ ಅದಾಳ, ಛಲೋ ಆತು. ಪಂಚಮಿಗೆ ಕಳಸ್ತೇನಿ ಅಂತನೂ ಅಂದೀರಿ?"

ಅಂದಿದ್ದರು. ಅಂದದ್ದು ಈಗ ತಾವೇ ಮೊದಲ ಸಲ ಕೇಳಿದಂತೆ ಅವರ ಕಿವಿಗೆ ಬಿತ್ತು. ಹೆಣ್ಣು ಕೊಟ್ಟವರ ಮುಂದೆ ಆಡಿದ ಮಾತು ಅದು, ಬೀಗತನದ ಮಾತು. ಅದಕ್ಕೆ ಕಾಗದ ಬೇಡ, ಸಾಕ್ಷಿ ಬೇಡ. ತಪ್ಪಿದವನು ಆ ಊರಿನ ಹೆಸರು ಬಂದಾಗಲೆಲ್ಲ ತಲೆ ತಗ್ಗಿಸಬೇಕು, ಅಷ್ಟೆ.

ಆದರೂ ಮಾಸ್ತರರು ಅದನ್ನು ಮನಸ್ಸಿನ ಒಂದು ಮೂಲೆಗೆ ಒತ್ತರಿಸಿ, ಕಲ್ಲಿಗೆ ಬೇಕಾದ ಸಾಲುಗಳನ್ನು ಬರೆಯಲು ಕೂತರು. ಬರೆದು ಹೊಡೆದು, ಬರೆದು ಹೊಡೆದು, ಕಡೆಗೆ ಒಂದು ರೂಪಕ್ಕೆ ತಂದರು. ಜನದ ಹೆಸರು ಆಯುಧಕ್ಕೆ ಬಂದದ್ದು, ಕತ್ತಿಗೆ, ಬೇನೆಗೆ, ಬೇರಿಗೆ, ಗಿಡಕ್ಕೆ, ಹಣ್ಣಿಗೆ ಹರಿದದ್ದು ಎಲ್ಲವೂ ಅದರಲ್ಲಿ ಇತ್ತು. ಕೊನೆಗೆ ಅವರ ಜೀವಕ್ಕೆ ಹತ್ತಿರದ ಒಂದು ಸಾಲು. ಶಬ್ದದ ಅರ್ಥವನ್ನು ಹುಟ್ಟಿದ ಊರಿನಲ್ಲಿ ಹುಡುಕಬೇಡಿ, ಅದನ್ನು ಆಡುವವರ ಬಾಯಿಯಲ್ಲಿ ಹುಡುಕಿರಿ. ಕಾರಭಾರಿಯವರು ಓದಿ ತಲೆದೂಗಿದರು. ಕಲ್ಲು ಕೆಲಸ ಶುರುವಾಯಿತು. ಸಾಲಿ ಬಿಟ್ಟ ಮೇಲೆ ಮಾಸ್ತರರು ದಿನಾಲು ಹೋಗಿ, ಕಲ್ಲುಕುಟಿಗನ ಉಳಿಯ ಕೆಳಗೆ ಒಂದೊಂದೇ ಕನ್ನಡದ ಅಕ್ಷರ ಏಳುವುದನ್ನು ನೋಡುತ್ತ ನಿಲ್ಲುವರು. ಎಲ್ಲರೂ ಹೋದ ಮೇಲೆ ಆ ಅಕ್ಷರಗಳ ತಗ್ಗಿನಲ್ಲಿ ಬೆರಳು ಆಡಿಸಿ, ಧೂಳು ಊದಿ ಮನೆಗೆ ಬರುವರು.

ಆಷಾಢದಲ್ಲಿ ಕಾರಭಾರಿಯವರು ಮುಹೂರ್ತ ಇಡಿಸಿದರು. ವಾಚನಾಲಯ ತೆರೆಯುವುದು ನಾಗರ ಪಂಚಮಿಯ ದಿನ. ಅಂದು ತೋಪು ಗಚ್ಚಿನಲ್ಲಿ ಕೂತು, ಕಲ್ಲು ಅದರ ಪಕ್ಕ ನಿಂತು, ದೊಡ್ಡ ದೊಡ್ಡವರು ಬಂದು ನೋಡುವರು.

ಸುದ್ದಿ ತಂದ ದಿನ ಮಾಸ್ತರರು ಊಟ ಅರ್ಧಕ್ಕೆ ಬಿಟ್ಟರು. ಕಬ್ಬಿಣಕ್ಕೆ ಎಂಥ ಪಂಚಮಿ ಎಂದು ತಮಗೆ ತಾವೇ ಹೇಳಿಕೊಂಡರು. ಹಣಮವ್ವನಿಗೆ ಒಂದು ಮಾತು ಹೇಳಿ ಕಳಿಸಿದರೆ ಆಯಿತು ಎಂದರು. ದೀಪಾವಳಿಗೆ ಕಳಿಸಿದರೆ ಆಗದೇ ಎಂದರು. ಇಷ್ಟನ್ನೂ ಅವರು ಗಟ್ಟಿಯಾಗಿಯೇ ಹೇಳಿದ್ದರಿಂದ ಸಾವಿತ್ರೆವ್ವನಿಗೂ ಕೇಳಿಸಿತು. ಆಕೆ ಬನಹಟ್ಟಿಯ ನೇಕಾರರ ಮಗಳು. ಮಾತನ್ನು ನೂಲಿನಂತೆ ಎಳೆ ನೋಡಿ ಬಿಡುವವಳು. ಹರಿವಾಣ ತೆಗೆದು, ನೆಲ ಸಾರಿಸಿ ಆದ ಮೇಲೆ ಅಂದಳು.

"ಒಂದು ವರ್ಷ ಅತ್ತಿಯವರು ನನ್ನ ಪಂಚಮಿಗೆ ಕಳಸಲಿಲ್ಲ. ನಿಮಗ ನೆನಪಿರಲಿಕ್ಕಿಲ್ಲ. ನಮ್ಮಪ್ಪ ಕರಿಯಾಕ ಬಂದಾವ ಊರ ಅಗಸಿ ಬಾಗಲ ಕಟ್ಟಿಮ್ಯಾಲ ಕುಂತು, ಹೊತ್ತು ಮುಳುಗೂತನಕ ಕಾದು ಹೋದ. ಒಳಗ ಕರದವರು ಯಾರೂ ಇಲ್ಲ."

ಮಾಸ್ತರರಿಗೆ ಖರೇನೇ ನೆನಪಿರಲಿಲ್ಲ. ನೀನು ಹೇಳಲಿಲ್ಲವಲ್ಲ ಎಂದರು.

"ಹೇಳೂ ಮಾತಲ್ಲ ಅದು. ಈಗ್ಯಾಕ ಹೇಳಿದ್ನಿ ಅಂದ್ರ, ಸೊಸಿ ಮಾತಾಡೂದಿಲ್ಲ. ಆಕಿ ಪರವಾಗಿ ಯಾರರೆ ಮಾತಾಡಬೇಕಲ್ಲ."

ಅಷ್ಟು ಹೇಳಿ ಆಕೆ ನೀರಿಗೆ ಹೋದಳು. ಹೀಗೆ ಮಾಡಿರಿ ಎನ್ನಲಿಲ್ಲ, ಹಾಗೆ ಮಾಡಿರಿ ಎನ್ನಲಿಲ್ಲ. ಜಗಳವಾಡಿದ್ದರೆ ಮಾಸ್ತರರಿಗೆ ಹಗುರಾಗುತ್ತಿತ್ತು.

ಮರುದಿನ ಕಲ್ಲಿನ ಮುಂದೆ ನಿಂತಾಗ ಕುಟಿಗನು ಕೊನೆಯ ಸಾಲಿಗೆ ಬಂದಿದ್ದ. ಆಡುವವರ ಬಾಯಿಯಲ್ಲಿ ಹುಡುಕಿರಿ. ಮಾಸ್ತರರು ತಾವೇ ಬರೆದದ್ದನ್ನು ಬೇರೆಯವರು ಬರೆದದ್ದೆಂಬಂತೆ ಮೆಲ್ಲಗೆ ಓದಿಕೊಂಡರು. ತುಬಚಿಯವರ ಬಾಯಿಯಲ್ಲಿ ಆ ಶಬ್ದಕ್ಕೆ ಏನು ಅರ್ಥ? ತೋಪು ಅಲ್ಲ, ಪರದೇಶಿ ಅಲ್ಲ. ಗಂಡನ ಮನೆಗೆ ಕಳಿಸಿದ ಮಗಳು. ಇದನ್ನು ನಂಬಿ ಬರೆದಿದ್ದರೆ ಮಗಳನ್ನು ಪಂಚಮಿಯ ದಿನವೇ ಗಚ್ಚಿನಲ್ಲಿ ಹುಗಿಯಲು ಬರುವುದಿಲ್ಲ. ನಂಬದೆ ಬರೆದಿದ್ದರೆ ಈ ಸಾಲು ಸುಳ್ಳು, ಸುಳ್ಳನ್ನು ಕಲ್ಲಿನ ಮೇಲೆ ಕೆತ್ತಿಸಿದಂತಾಯಿತು. ಕುಟಿಗನು, ಏನು ಮಾಸ್ತರರೇ, ತಪ್ಪು ಬಿದ್ದಿದೆಯೇ ಎಂದು ಕೇಳಿದ. ಕಲ್ಲಿನ ಮೇಲೆ ತಪ್ಪಿಲ್ಲಪ್ಪ ಎಂದು ಅಲ್ಲಿಂದ ನೆಟ್ಟಗೆ ಕಾರಭಾರಿಯವರ ಮನೆಗೆ ನಡೆದರು.

ಕಾರಭಾರಿಯವರು ಮೊದಲು ನಕ್ಕರು. ಇವರು ನಗದಿರುವುದನ್ನು ಕಂಡು ಚಹಾ ತರಿಸಿದರು. ಎಲ್ಲವನ್ನೂ ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು. ಮುಹೂರ್ತ ಸರಕಾರದ್ದು, ಮುಂದೆ ಹಾಕುವುದು ತಮ್ಮ ಕೈಯಲ್ಲಿಲ್ಲ ಎಂದರು. ಬಂದವರಿಗೆ ಬರಿಯ ಗದ್ದಿಗೆ ತೋರಿಸಲಿಕ್ಕೂ ಬರುವುದಿಲ್ಲ.

"ನಾ ತಡಿಯೂದಿಲ್ಲ ಮಾಸ್ತರ. ತುಬಚಿಯವರಿಂದ ಬೇಡಿ ತಂದದ್ದು, ಕಸಗೊಂಡು ತಂದದ್ದಲ್ಲ. ನೀವು ಒಯ್ಯಬಹುದು. ಆದ್ರ ಅಲ್ಲಿ ರಾಜರ ವಾಡೇದಾಗಿನ ದೊಡ್ಡ ತೋಪು ಗಚ್ಚಿನ್ಯಾಗ ಕೂಡಸಬೇಕಾಗತೈತಿ. ಅದರ ಹೆಸರು ಬ್ಯಾರೆ, ಕಥಿ ಬ್ಯಾರೆ. ನಿಮ್ಮ ಕಲ್ಲು ಅದಕ್ಕ ಹೊಂದೂದಿಲ್ಲ. ಆ ತೋಪಿನ ಕಲ್ಲು ಪುಣೇದಾಗ ಮೊದಲs ಕೆತ್ತಿಸಿ ಇಟ್ಟೈತಿ, ಇಂಗ್ಲಿಷು, ಮರಾಠಿ ಎರಡs, ಕನ್ನಡ ಇಲ್ಲ."

ಮಾಸ್ತರರಿಗೆ ತಿಳಿಯಿತು. ಒಂದು ಮಾತು ಉಳಿಯಬೇಕಾದರೆ ಇನ್ನೊಂದು ಹೋಗಬೇಕು. ಬಾಯಿಯಿಂದ ಆಡಿದ್ದು, ಇಲ್ಲವೇ ಕಲ್ಲಿನ ಮೇಲೆ ಕೆತ್ತಿದ್ದು. ಚಹಾದ ಬಟ್ಟಲು ಕೆಳಗಿಟ್ಟರು.

"ಸಾಹೇಬ್ರ, ನನಗ ಗಾಡಿ ಒಂದು ಬೇಕಾಗಿತ್ತು," ಎಂದರು.

ಕಾರಭಾರಿಯವರು ಕನ್ನಡಕ ಏರಿಸಿಕೊಂಡರು. ಆಮೇಲೆ ಆಳನ್ನು ಕರೆದು, ಗಟ್ಟಿ ಎತ್ತು ಕಟ್ಟಿ ಕೊಡು, ಮಾಸ್ತರರಿಗೆ ದೂರದ ಹಾದಿಯಿದೆ ಎಂದರು.

ಪಂಚಮಿಯ ಹಿಂದಿನ ದಿನ ಹೊರಟರು. ಅತ್ತೆಯಾದವಳು ಮನೆಯಲ್ಲಿ ಕೂಡುವುದು ಚೆಂದವೇ ಎಂದು ಸಾವಿತ್ರೆವ್ವನೂ ಗಾಡಿ ಹತ್ತಿದಳು. ತನ್ನ ಹಸಿರು ಸೀರೆಯೊಂದನ್ನು ತೋಪಿಗೆ ಹೊದಿಸಿದಳು. ತಂಬಿಟ್ಟಿನ ಉಂಡಿ, ಶೇಂಗಾ ಉಂಡಿ ಕಟ್ಟಿಕೊಂಡಿದ್ದಳು. ಜಿನುಗು ಮಳೆ, ಎರೆಮಣ್ಣು ಗಾಲಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತಿತ್ತು. ಮಾಸ್ತರರು ಇಳಿದು ಗಾಲಿ ನೂಕುವರು, ಹತ್ತುವರು, ಮತ್ತೆ ಇಳಿಯುವರು.

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಯುಗಾದಿಯಲ್ಲಿ ಗಾಡಿ ದಾಟಿದ್ದ ಜಾಗದಲ್ಲಿ ಈಗ ಮರದ ಬೊಡ್ಡೆಗಳು ತೇಲಿ ಹೋಗುತ್ತಿದ್ದವು. ಅಂಬಿಗರ ಗೂಳಪ್ಪ ನಾವೆ ಕಟ್ಟಿ ಕಂಬಳಿ ಹೊದ್ದು ಕೂತಿದ್ದ. ಗಾಡಿಯಲ್ಲಿ ಕಬ್ಬಿಣವಿದೆ ಎಂದು ಕೇಳಿದೊಡನೆ ಕೈಯಾಡಿಸಿಬಿಟ್ಟ. ಇಂಥ ನೀರಿನಲ್ಲಿ ಅಂಥ ಭಾರ ಹೊತ್ತು ಹೋದರೆ ನಾವೆಯೂ ಉಳಿಯದು, ತಾನೂ ಉಳಿಯುವುದಿಲ್ಲ, ನೀರು ಇಳಿದ ಮೇಲೆ ಬನ್ನಿರಿ ಎಂದ. ಮಾಸ್ತರರು ಹೇಳಿ ನೋಡಿದರು, ಕೈಮುಗಿದು ನೋಡಿದರು. ಅವನು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡ. ಸಾವಿತ್ರೆವ್ವ ಗಾಡಿಯಲ್ಲಿಂದಲೇ ಅಂದಳು.

"ಬಿಡಪಾ ತಮ್ಮಾ. ಪಂಚಮಿಗೆ ತವರಿಗೆ ಹೊಂಟಾಕಿ ಇದ್ಲು, ತುಬಚಿ ಮಗಳು. ದಂಡಿಮ್ಯಾಲಿಂದ ತಿರಗಿ ಹೋದ್ಲು ಅಂತ ಹೇಳಿ ಕಳಸ್ತೇವಿ."

ಗೂಳಪ್ಪ ಎದ್ದು ಬಂದ. ಆ ಹೊಳೆಯ ಅಂಬಿಗರಲ್ಲಿ ಒಂದು ನೇಮವಿತ್ತು. ಪಂಚಮಿಗೆ ಹೊರಟ ಹೆಣ್ಣುಮಗಳನ್ನು ದಂಡೆಯಲ್ಲಿ ಬಿಡಬಾರದು, ಅವಳಿಂದ ಏನೂ ತೆಗೆದುಕೊಳ್ಳಲೂ ಬಾರದು. ಹಸಿರು ಸೀರೆಯ ಅಂಚು ಎತ್ತಿ ನೋಡಿದ. ಕರಿಮಣಿಯ ಸರ ಕಂಡಿತು.

"ಫಿರಂಗೆವ್ವನ? ನಮ್ಮವ್ವ ಇಕಿ ಮುಂದ ಜೋಕಾಲಿ ಆಡಿ ಬೆಳದಾಕಿ." ತಲೆ ಕೆರೆದುಕೊಂಡ. "ಇಕಿನ್ನ ಇಲ್ಲೇ ಬಿಟ್ಟು ಮನಿಗೆ ಹೋದ್ರ ಅವ್ವ ನನಗ ಉಂಡಿ ಕೊಡೂದಿಲ್ಲ."

ಅವನು ದಂಡೆಯ ನಾಲ್ಕು ಆಳು ಕರೆದ. ನಾವೆಯ ನಡುವೆ ಹೊಟ್ಟಿನ ಚೀಲ ಹಾಸಿ, ತೂಕ ಒಂದು ಕಡೆ ಬೀಳದಂತೆ ತೋಪನ್ನು ಅಡ್ಡ ಮಲಗಿಸಿದ. ಎತ್ತು, ಗಾಡಿ ಆಮೇಲೆ ಬರಲಿ ಎಂದ. ನಡುಹೊಳೆಯಲ್ಲಿ ಸುಳಿಯೊಂದು ನಾವೆಯನ್ನು ತಿರುಗಿಸಿದಾಗ ಮಾಸ್ತರರು ಕಣ್ಣು ಮುಚ್ಚಿದರು. ಸಾವಿತ್ರೆವ್ವ ಒಂದು ಕೈಯಿಂದ ನಾವೆಯ ಅಂಚನ್ನು, ಇನ್ನೊಂದು ಕೈಯಿಂದ ತೋಪನ್ನು ಹಿಡಿದು ಕೂತಿದ್ದಳು. ಗೂಳಪ್ಪ ಹುಟ್ಟು ಹಾಕುತ್ತ, ಅಳಬೇಡವ್ವ, ಬಂತು ನಿನ್ನ ಊರು ಎಂದು ತೋಪಿಗೇ ಹೇಳುತ್ತಿದ್ದ. ನಾವೆ ಸಾಕಷ್ಟು ಕೆಳಗೆ ಹೋಗಿ, ಆದರೂ ಆಚೆಯ ದಂಡೆಗೇ ಮುಟ್ಟಿತು.

ಪಂಚಮಿಯ ದಿನ ಹೊತ್ತು ಏರುವಾಗ ಗಾಡಿ ತುಬಚಿಯ ಅಗಸಿಗೆ ಬಂದಿತು. ಸರಕಾರದ ಮನೆ ಸೇರಿದ್ದು ತಿರುಗಿ ಬರುವುದುಂಟೇ ಎಂದು ಗಂಡಸರು ಆಗಲೇ ಆಸೆ ಬಿಟ್ಟಿದ್ದರು. ಹೆಂಗಸರು ಬಿಟ್ಟಿರಲಿಲ್ಲ. ಹುಡೇವಿನ ಕೆಳಗೆ ಜಾಗ ಸಾರಿಸಿ ರಂಗೋಲಿ ಹಾಕಿದ್ದರು. ಗಾಡಿಯನ್ನು ನೋಡಿ ಊರಿನ ಹೆಣ್ಣುಮಕ್ಕಳೆಲ್ಲ ಓಡಿ ಬಂದು, ಎತ್ತಿನ ಕಾಲಿಗೆ, ತೋಪಿಗೆ, ತಪ್ಪಿ ಮಾಸ್ತರರ ಕಾಲಿಗೂ ನೀರು ಹಾಕಿದರು. ಹಣಮವ್ವ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಬರ್ರಿ ಬೀಗರ. ಮಗಳನ್ನ ಸೊರಗಿಸಿ ತಂದೀರಿ. ಹೊಟ್ಟಿತುಂಬ ಹಾಕಲಿಲ್ಲ ಕಾಣತೈತಿ."

"ಹಾಕಿದ್ದು ತಿನ್ನಬೇಕಲ್ಲ ಬೀಗತಿ," ಎಂದಳು ಸಾವಿತ್ರೆವ್ವ ಗಾಡಿ ಇಳಿಯುತ್ತ. "ನಿಮ್ಮ ಮಗಳು ಮೂಗಿನ ಮ್ಯಾಲ ಸಿಟ್ಟಿನಾಕಿ. ಬಾಯಿ ಬಿಡವಲ್ಲಳು."

ಹೆಂಗಸರು ನಕ್ಕರು. ಹಣಮವ್ವ ಸಾವಿತ್ರೆವ್ವನನ್ನು ಮೇಲಿಂದ ಕೆಳಗೆ ನೋಡಿ, ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.

ಉಂಡಾಯಿತು, ಜೋಕಾಲಿ ಏರಿತು. ಮಾಸ್ತರರಿಗೆ ಬೀಗರ ಮಣೆ ಹಾಕಿದ್ದರು. ಆದರೆ ಅವರಿಗೆ ಅದರ ಮೇಲೆ ಕೂತಲ್ಲಿ ಮುಳ್ಳು ಚುಚ್ಚುತ್ತಿತ್ತು. ಮುಚ್ಚಿಟ್ಟು ಉಪಯೋಗವಿಲ್ಲ ಎಂದು ಹಣಮವ್ವನನ್ನು ಕರೆದು ಹೇಳಿಯೇಬಿಟ್ಟರು. ಇವತ್ತು ಅಲ್ಲಿ ವಾಚನಾಲಯ ತೆರೆಯುತ್ತಾರೆ, ಇವಳ ಗದ್ದಿಗೆಯ ಮೇಲೆ ಬೇರೆ ತೋಪು ಕೂತಿದೆ, ತಿರುಗಿ ಕರೆದೊಯ್ದರೆ ಕೂಡಿಸಲು ಜಾಗವಿಲ್ಲ.

ಹಣಮವ್ವ ಕೇಳಿ ಹುಬ್ಬು ಏರಿಸಿದಳು.

"ಸವತಿ ತಂದ್ರೇನು ಹಂಗಾರ?"

ಮಾಸ್ತರರು ಏನೆನ್ನಬೇಕು? ತಂದರು ಎಂದರು.

"ಸವತಿ ಇದ್ದ ಮನಿಗೆ ನಾವು ಮಗಳನ್ನ ಕಳಸೂದಿಲ್ಲ. ಇಲ್ಲೇ ಇರತಾಳ ಬಿಡ್ರಿ. ಊರಿಗೆ ಆಕಿ ಭಾರ ಇಲ್ಲ."

ಆಮೇಲೆ ಆಕೆ, ನಿಮಗೇನು ಹೋಯಿತು ಇದರಲ್ಲಿ ಎಂದು ಕೇಳಿದಳು. ತಮಗೇನೂ ಹೋಗಿಲ್ಲ ಎಂದರು ಮಾಸ್ತರರು. ಸಾವಿತ್ರೆವ್ವ ಸುಮ್ಮನಿರಲಿಲ್ಲ. ಕಲ್ಲು ಹೋಯಿತು ಎಂದಳು. ಕನ್ನಡದ ಸಾಲು, ಕುಟಿಗನ ಉಳಿ, ದಿನಾಲು ಹೋಗಿ ಬೆರಳಾಡಿಸಿ ಬರುತ್ತಿದ್ದದ್ದು, ಎಲ್ಲ ಹೇಳಿದಳು. ಅಷ್ಟು ಮಟ್ಟಿಗೆ ಆಕೆಗೆ ಗೊತ್ತಿದೆ ಎಂದು ಮಾಸ್ತರರಿಗೇ ಗೊತ್ತಿರಲಿಲ್ಲ.

ಜೋಕಾಲಿ ನಿಂತಿತು. ಹಣಮವ್ವ ಸೆರಗು ಸರಿ ಮಾಡಿಕೊಂಡು ಎದುರಿಗೆ ಕೂತಳು.

"ಕಲ್ಲಿನ ಮ್ಯಾಲ ಏನ ಬರದಿದ್ರಿ, ಅದನ್ನ ನಮಗ ಹೇಳ್ರಿ. ನಮ್ಮ ಮಗಳ ಸುದ್ದಿ, ನಮಗs ಗೊತ್ತಿಲ್ಲಂದ್ರ ಹೆಂಗ?"

ಮಾಸ್ತರರು ಮೊದಲು ಪುಸ್ತಕದ ಮಾತಿನಲ್ಲಿ ಶುರು ಮಾಡಿದರು. ಯಾರ ಮುಖದಲ್ಲೂ ಬೆಳಕು ಕಾಣದೆ, ಬಿಟ್ಟು, ಸಂತೆಯಲ್ಲಿ ಆಡುವಂತೆ ಆಡಿದರು. ಪಡುವಣ ಕಡಲಾಚೆಯ ಜನ, ಅವರನ್ನು ಕಂಡ ಅರಬರು, ಇರಾನಿನವರು, ತುರ್ಕರ ದಂಡು, ಗೋವೆಯ ಹಡಗು ಎಲ್ಲ ಬಂದವು. ಒಂದೊಂದು ಊರಿನಲ್ಲೂ ಒಂದೊಂದು ಬಾಯಿ ಅವಳ ಹೆಸರನ್ನು ಹೇಗೆ ತಿರುಗಿಸಿತು ಎಂಬುದನ್ನು ಅಂದು ತೋರಿಸಿದರು. ಹೆಣ್ಣುಮಕ್ಕಳು ಪ್ರಂಗಿ, ಫರಂಗಿ ಎಂದು ಅಂದು ನೋಡಿ ನಕ್ಕರು. ಮುಧೋಳದ ಕತ್ತಿ ಬಂತು. ಬೇನೆಯ ಹತ್ತಿರ ಬಂದಾಗ ಮಾಸ್ತರರು ತಡವರಿಸಿ ನಿಂತರು.

"ಆ ಬ್ಯಾನಿ ನಮಗೂ ಗೊತ್ತೈತಿ," ಎಂದಳು ಹಣಮವ್ವ. "ಮುಂದ ಹೇಳ್ರಿ."

ಬೇರು, ಮುಳ್ಳುಗಿಡ, ಮೈಸೂರಿನ ಕಡೆಯ ಹಣ್ಣು. ಇಷ್ಟು ವರ್ಷ ಮಾಸ್ತರಿಕೆ ಮಾಡಿದರೂ ಅಷ್ಟು ಮುಖಗಳು ಹಾಗೆ ಅಲುಗದೆ ತಮ್ಮನ್ನು ಕೇಳಿದ್ದನ್ನು ಅವರು ಕಂಡಿರಲಿಲ್ಲ. ಕಡೆಯಲ್ಲಿ, ಇಷ್ಟೆಲ್ಲ ಆಗಿ ಒಂದು ದಿನ ನಿಮ್ಮ ಊರಿನ ಎರೆಯಲ್ಲಿ ಗಾಡಿ ಹುಗಿಯಿತು, ನೀವು ಅವ್ವ ಅಂದಿರಿ ಎಂದು ಮುಗಿಸಿದರು. ಕಲ್ಲಿನಲ್ಲಿ ಆ ಸಾಲು ಇರಲಿಲ್ಲ. ಅದು ಆಗಲೇ ಬಾಯಿಗೆ ಬಂದದ್ದು.

ಹಣಮವ್ವ ಎದ್ದು, ತೋಪಿನ ಮೇಲಿನ ಹಸಿರು ಸೀರೆಯನ್ನು ಅದರ ಬಾಯಿಯವರೆಗೂ ಎಳೆದು ಹೊದಿಸಿದಳು. ಜೋಕಾಲಿಯ ಹಗ್ಗ ಹಿಡಿದ ಹುಡುಗಿಯರ ಕಡೆ ತಿರುಗಿದಳು.

"ಮೆಲ್ಲಕ ಆಡ್ರಿಬೇ. ಅಷ್ಟೆಲ್ಲಾ ಊರು ತಿರಗಿ ಬಂದಾಳ, ದಣದಾಳ. ಒಂದೀಟು ಮಲಗಲಿ."